ಹೆಸರಿಲ್ಲದವರ ಪರವಾಗಿ ವಿರೂಪಣ್ಣ ಮಾಸ್ತರು

ಯಾವ ಕಾಯದೆಯ ಮಾತು ಬಂದರೂ ವಿರೂಪಣ್ಣ ಮಾಸ್ತರು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ, ಭತ್ತದ ಹಸಿ ನೋಡುವವರಂತೆ, "ಇದನ್ನ ಬರೆದವರು ಯಾರ್ರೀ?" ಎಂದು ಕೇಳುತ್ತಿದ್ದರು. ಪೋತ್ನಾಳದ ಅಕ್ಕಿ ಗಿರಣಿಯನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು ಬಂದವರಿಗೆ ಆ ಕೈಚಾಳಿಯನ್ನು ಬಿಡಲಾಗಿರಲಿಲ್ಲ. ರಾಯಚೂರಿನ ಉರಿಬಿಸಿಲಲ್ಲೂ ಮೊಣಕೈ ಸವೆದ ಕಂದು ಕೋಟು ತೊಟ್ಟು, ಎಡಕ್ಕೆ ತುಸು ವಾಲಿ ನಡೆಯುತ್ತ, ಮೂವತ್ತು ವರ್ಷ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸಿದರು. ನಾನು ಅವರ ವಿದ್ಯಾರ್ಥಿ.

ಪರೀಕ್ಷೆಗೆ ಬೇಕಾದ ವ್ಯಾಖ್ಯೆಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಉಳಿದ ವೇಳೆಯಲ್ಲಿ ಅವರು ಬೇರೆಯೇ ಚರಿತ್ರೆ ಹೇಳುತ್ತಿದ್ದರು: ಸಮುದ್ರ ಸರ್ವರದೆಂಬ ತತ್ತ್ವ ಬಲಿತದ್ದು ವರ್ತಕರ ಹಡಗುಗಳಿಗೆ ದಾರಿ ಬೇಕಾದಾಗ, ನಾಗರಿಕ ರಾಷ್ಟ್ರವೆಂಬ ಪದ ಮೊಳಗಿದ್ದು ಉಳಿದವರ ನೆಲ ಬೇಕಾದಾಗ, ಬಂಡವಾಳ ಕಾಲಿಟ್ಟಲ್ಲೆಲ್ಲ ಕಾನೂನು ಅದರ ಚಪ್ಪಲಿ ಹೊತ್ತು ಹಿಂದೆ ನಡೆದಿದೆ.

"ದೂರ ಯಾಕ ಹೋಗ್ತೀರಿ? ಹದಿನೆಂಟುನೂರಾ ಐವತ್ಮೂರರಾಗ ನಿಜಾಮ ಎರಡು ಹೊಳಿ ನಡುವಿನ ನಮ್ಮ ದೋಆಬ್ ಸೀಮಿ ಕಂಪನಿ ಕೈಗೆ ಕೊಟ್ಟ. ಏಳು ವರ್ಷಕ್ಕ ಇಂಗ್ಲಿಷರು ವಾಪಸ್ ಕೊಟ್ರು. ಎರಡೂ ಕರಾರಿಗೆ ಸಹಿ ಅದ, ಮೊಹರು ಅದ. ನಮ್ಮ ರಯತರನ್ನ ಕೇಳಿದ್ರೇನು?"

ಅವರು ನಿವೃತ್ತರಾದ ಮೇಲೆ ಆ ಚರಿತ್ರೆ ಅವರ ಮನೆಗೇ ಬಂತು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆಯ ಗುಡ್ಡದಲ್ಲಿ ವಿದೇಶಿ ಬಂಡವಾಳದ ಗ್ರಾನೈಟ್ ಕಂಪನಿಯೊಂದು ಬಂಡೆ ಸಿಡಿಸಿದಾಗ, ಕುರಿ ಮೇಯಿಸುತ್ತಿದ್ದ ಬೂದೆಪ್ಪನ ಒಂದು ಕಾಲು ಹೋಯಿತು. ಊರವರು ಲಾರಿಗಳಿಗೆ ಅಡ್ಡ ಕೂತರು. ಸರ್ಕಾರ ಪರವಾನಗಿ ತಡೆಹಿಡಿಯಿತು. ಕಂಪನಿ ಎರಡು ದೇಶಗಳ ನಡುವಿನ ಹೂಡಿಕೆ ಒಪ್ಪಂದವನ್ನು ಮುಂದೊಡ್ಡಿ, ತನಗೆ ಬರಬೇಕಾದ ಲಾಭ ಹೋಯಿತೆಂದು ಪರದೇಶದ ಮಧ್ಯಸ್ಥಿಕೆ ಮಂಡಳಿಗೆ ಸರ್ಕಾರದ ಮೇಲೆ ದೂರು ಕೊಟ್ಟಿತು. ಬೂದೆಪ್ಪನ ಹೆಂಡತಿ ಮಾರೆಮ್ಮ ರಾಯಚೂರಿನ ಬಸ್ಸು ಹತ್ತಿ ಬಂದಳು. "ಅಲ್ಲಿ ನಮ್ಮ ಮಾತೂ ಒಂದೀಟು ಹೇಳ್ರಿ ಯಪ್ಪಾ," ಎಂದಳು.

ಮಾಸ್ತರು ಒಪ್ಪಿದರು. ಅವಳ ಹೆಸರಿನಲ್ಲಿ ನಲವತ್ತು ಪುಟಗಳ ಅರ್ಜಿ ಬರೆದರು. ನಾನು ಮಾನ್ವಿಯಿಂದ ಪ್ರತಿ ಭಾನುವಾರ ಹೋಗಿ ಅದನ್ನು ಇಂಗ್ಲಿಷಿಗೆ ತರುತ್ತಿದ್ದೆ. ಒಂದು ಸಲ ತಡೆಯಲಾರದೆ, "ಸರ್, ಇಂಥವರ ಮಾತು ಅಲ್ಲಿ ನಡೆಯೂದಿಲ್ಲ ಅಂತ ನೀವೇ ಕಲಿಸಿದ್ರಿ," ಎಂದೆ.

"ಕಲಿಸೀನಿ. ನೀ ಬರಿ," ಎಂದರು.

ಉತ್ತರ ನಾಲ್ಕು ಸಾಲಿನದು: ಅರ್ಜಿದಾರಳು ಒಪ್ಪಂದದ ಪಕ್ಷಕಾರಳಲ್ಲ. ಅದು ಬಂದ ತಿಂಗಳಲ್ಲೇ ಸರ್ಕಾರ ಕಂಪನಿಯೊಡನೆ ರಾಜಿ ಮಾಡಿಕೊಂಡಿತು, ಕ್ವಾರಿ ಮತ್ತೆ ತೆರೆಯಿತು. ಸುದ್ದಿಯನ್ನು ತಾವೇ ಹೇಳಬೇಕೆಂದು ಮಾಸ್ತರು ಜಾಲಹಳ್ಳಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಮಾರೆಮ್ಮ ನಿಂತೇ ಕೇಳಿಸಿಕೊಂಡಳು. "ಹಿಂಗ ಆಗ್ತದಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

"ಗೊತ್ತಿದ್ದು ನನಗ್ಯಾಕ ಹೇಳಲಿಲ್ರಿ? ಹೇಳಿದ್ರ ರಸ್ತೆ ಬಿಟ್ಟು ಏಳ್ತಿದ್ದಿಲ್ಲ ನಾವು. ನಿಮ್ಮ ಕಾಗದ ನಂಬಿ ಎಲ್ಲಾರೂ ಮನ್ಯಾಗ ಕುಂತ್ವಿ."

ಎಂಥ ಪ್ರಶ್ನೆಗೂ ಒಂದು ಶತಮಾನ ಹಿಂದಕ್ಕೆ ಹೋಗಿ ಉತ್ತರ ತರುತ್ತಿದ್ದ ಮನುಷ್ಯ ಆ ನಾಲ್ಕು ಸಾಲಿನ ಕಾಗದವನ್ನು ಮಡಚಿ ಕೋಟಿನ ಜೇಬಿಗಿಟ್ಟರು. ಹೊರಸಿನ ಮೇಲಿದ್ದ ಬೂದೆಪ್ಪನೇ, "ಬಿಡಬೇ, ದೊಡ್ಡವ್ರು ಬಿಸಿಲಾಗ ಬಂದಾರ, ನೀರು ಕೊಡು," ಎಂದ. ಅವಳು ಕೊಟ್ಟಳು.

ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: "ಆಕಿ ಹೇಳಿದ್ದು ಖರೆ." ಆಮೇಲೆ ಆ ಕಾಗದಗಳನ್ನು ಯಾರ ಮುಂದೆಯೂ ತೆರೆಯಲಿಲ್ಲ, ಭಾನುವಾರ ಬಾರೆಂದು ನನ್ನನ್ನೂ ಕರೆಯಲಿಲ್ಲ.

ಅನ್ಯಾಯದ ವಂಶಾವಳಿಯನ್ನೆಲ್ಲ ಬಲ್ಲ ಇಂಥವರು ನಮ್ಮಲ್ಲಿ ಊರಿಗೊಬ್ಬರಾದರೂ ಇದ್ದಾರೆ. ಕಾನೂನಿನ ಬಾಗಿಲು ಬಡವರಿಗೆ ತೆರೆಯುವುದಿಲ್ಲವೆಂದು ಜೀವಮಾನವಿಡೀ ಸಾರಿ, ಕಡೆಗೆ ಅದನ್ನೇ ಎಲ್ಲರಿಗಿಂತ ಮರ್ಯಾದೆಯಿಂದ ತಟ್ಟುವವರು ಇವರು. ಇವರ ನಂಬಿಕೆಯೆಲ್ಲ ಓದಿನ ಮೇಲೆ, ಓದು ಹೇಳಿಕೊಟ್ಟದ್ದರ ಮೇಲಲ್ಲ. ಇವರು ತಟ್ಟುತ್ತಿರುವಷ್ಟು ಕಾಲ, ಬಾಗಿಲು ಮುರಿಯಬಲ್ಲವರು ಇವರ ಬೆನ್ನ ಹಿಂದೆ ಕೈಕಟ್ಟಿ ಕಾಯುತ್ತಿರುತ್ತಾರೆ.