ಮೇನಕೆಯ ಹದಿನೆಂಟನೇ ಉಗುರು

ಲಾರಿ ಹನ್ನೊಂದಕ್ಕೆ ಬರುತ್ತದೆ ಎಂದಿದ್ದರು. ನಾನು ಎಂಟೂವರೆಗೇ ಪುಟ್ಟೇನಹಳ್ಳಿ ಸೇರಿದ್ದೆ. ಜಯನಗರದಿಂದ ಆಟೋದಲ್ಲಿ ಬರುವ ಅರ್ಧ ಗಂಟೆಯಲ್ಲಿ ಇಂಚರಳಿಗೆ ಆರು ಸಲ ಫೋನ್ ಮಾಡಿದ್ದೆ. ಆರನೇ ಸಲ ಅವಳು, "ದೊಡ್ಡಮ್ಮ, ಆನೆ ಎಲ್ಲೂ ಓಡಿಹೋಗಲ್ಲ. ಮೊದ್ಲು ನೀವು ಉಸಿರಾಡಿ" ಎಂದಳು. ನೋಡಿ, ನನ್ನ ತಂಗಿಯ ಮಗಳು, ನಾನು ಎತ್ತಿ ಆಡಿಸಿದ ಕೂಸು, ನನಗೆ ಉಸಿರಾಡುವುದನ್ನು ಹೇಳಿಕೊಡುತ್ತಾಳೆ!

ಉಸಿರಾಡುವುದು ಹೇಗೆ? ಅಂದು ಶನಿವಾರ. ಮೇನಕೆಯನ್ನು ಅಭಯಧಾಮಕ್ಕೆ ಸಾಗಿಸುವ ಪರವಾನಗಿ ಸಂಜೆ ಐದಕ್ಕೆ ಮುಗಿಯುತ್ತಿತ್ತು, ಅಷ್ಟರೊಳಗೆ ಲಾರಿ ಹೊರಟಿರಬೇಕು. ಸೋಮವಾರ ಬೆಳಿಗ್ಗೆ ಅವಳು ನಿಂತಿದ್ದ ಸೈಟಿನಲ್ಲಿ ಬೇಸ್‌ಮೆಂಟ್ ಅಗೆಯಲು ಜೆಸಿಬಿ ಬರುವುದಿತ್ತು. ಇನ್ನೊಂದು ಪರವಾನಗಿಗೆ ಅರ್ಜಿ ಹಾಕಿದರೆ ಮೂರು ತಿಂಗಳೋ ಆರು ತಿಂಗಳೋ. ಸರ್ಕಾರಿ ಕಡತದ ನಡಿಗೆ ನನಗೆ ಗೊತ್ತಿಲ್ಲವೆ? ಮೂವತ್ತನಾಲ್ಕು ವರ್ಷ ನಾನೇ ಅದನ್ನು ನಡೆಸಿದ್ದೇನೆ.

ಮೇನಕೆ ಎಂದರೆ ಇಂದ್ರಲೋಕ ಸರ್ಕಸ್ಸಿನ ಮೂರು ಹೆಣ್ಣಾನೆಗಳಲ್ಲಿ ಕೊನೆಯವಳು. ಸರ್ಕಸ್ಸಿನವರು ರಂಭೆ, ಊರ್ವಶಿ, ಮೇನಕೆ ಎಂದು ಹೆಸರಿಟ್ಟು ಮೂವತ್ತು ವರ್ಷ ಸ್ಟೂಲಿನ ಮೇಲೆ ನಿಲ್ಲಿಸಿದರು. ಆಮೇಲೆ ಸರ್ಕಸ್ಸಿನಲ್ಲಿ ಆನೆ ಕುಣಿಸಬಾರದು ಎಂದಾಯಿತು, ಕಂಪನಿ ಮುಚ್ಚಿತು, ಅಪ್ಸರೆಯರು ಮೂರು ದಿಕ್ಕಾದರು. ಇಂಚರ ಕೆಲಸ ಮಾಡುವ ಸಂಸ್ಥೆ ಇಂಥ ಆನೆಗಳನ್ನು ಹುಡುಕಿ ಅಭಯಧಾಮಕ್ಕೆ ಸೇರಿಸುತ್ತದೆ. ನಾನು ನಿವೃತ್ತಳಾಗಿ ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿದ್ದೆನಂತೆ. ನನ್ನ ಗಂಡ ರಾಮಪ್ರಸಾದರು ಒಂದು ದಿನ ಕೈಮುಗಿದು, "ಕಾತ್ಯಾಯಿನಿ, ನೀನೊಂದು ಕೆಲಸ ಹುಡುಕ್ಕೋ. ಇಲ್ಲಾಂದ್ರೆ ನಾನು ಹುಡುಕ್ಕೊಂಡು ಹೋಗ್ತೀನಿ" ಎಂದರು. ಹಾಗೆ ಇಂಚರಳ ಜೊತೆ ಸೇರಿದೆ. ವನ್ಯಜೀವಿಗಳ ಕಡತ ನೋಡುವ ಕಚೇರಿಯಲ್ಲಿದ್ದವಳು ನಾನು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ಇನ್ನೂ ನನ್ನ ಗೆಳತಿಯರಿದ್ದಾರೆ. ಯಾವ ಕಾಗದ ಎಲ್ಲಿ ಧೂಳು ತಿನ್ನುತ್ತಿದೆ ಎಂದು ನನಗೆ ಗೊತ್ತು.

ರಂಭೆ ತಮಿಳುನಾಡಿನಲ್ಲಿ ತೀರಿಕೊಂಡಿದ್ದಳು. ಊರ್ವಶಿಯನ್ನು ಎರಡು ವರ್ಷದ ಹಿಂದೆ ಅಭಯಧಾಮಕ್ಕೆ ಸೇರಿಸಿದೆವು. ಮೇನಕೆ ಬಿಹಾರದಲ್ಲಿದ್ದಾಳೆ ಎಂದು ಒಬ್ಬ, ಗುಜರಾತಿನಲ್ಲಿ ಎಂದು ಇನ್ನೊಬ್ಬ. ಸಿಕ್ಕಿದ್ದು ಎಲ್ಲಿ? ನಮ್ಮ ಟೆರೇಸ್ ಗಾರ್ಡನ್ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಆನೆ ಲದ್ದಿ ಗೊಬ್ಬರ, ಫ್ರೆಶ್, ಪುಟ್ಟೇನಹಳ್ಳಿ" ಎಂದು ಹಾಕಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಆ ಸೈಟು ಮುನಿವೆಂಕಟಮ್ಮನದು. ಒಂದು ಕಾಲಕ್ಕೆ ಅದು ಅವರ ರಾಗಿ ಹೊಲವಂತೆ, ಈಗ ಸುತ್ತ ಅವರದೇ ಮೂರು ಪಿ.ಜಿ. ಕಟ್ಟಡಗಳು. ಸರ್ಕಸ್ಸು ಮುಚ್ಚಿದಾಗ ಮಾವುತ ಕಿಟ್ಟಿ ಆನೆ ಹಿಡಿದುಕೊಂಡು ಬಂದು "ಒಂದು ವಾರ ಇರ್ತೀನಿ ಅವ್ವಾ" ಎಂದವನು ಒಂಬತ್ತು ವರ್ಷ ಇದ್ದುಬಿಟ್ಟ. ಕಾಂಪೌಂಡಿನೊಳಗೆ, ಶೀಟಿನ ಕೆಳಗೆ, ಸಿಮೆಂಟು ನೆಲದ ಮೇಲೆ ಮೇನಕೆ ಬೆಳಗಿನಿಂದ ಸಂಜೆವರೆಗೆ ತೂಗುತ್ತ ನಿಂತಿರುತ್ತಿದ್ದಳು. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ. ಅಂಗಾಲು ಕೀವು ಕಟ್ಟಿತ್ತು. ಇನ್ನೊಂದು ವರ್ಷ ಸಿಮೆಂಟಿನ ಮೇಲೆ ನಿಂತರೆ ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಇದನ್ನೆಲ್ಲ ನಾನು ಗೇಟಿನಿಂದಲೇ ನೋಡಿದ್ದು. ನನಗೆ ಆನೆ ಎಂದರೆ ಭಯ, ಅದೂ ಸಣ್ಣ ಭಯವಲ್ಲ. "ದೊಡ್ಡಮ್ಮ ಆನೆ ಹುಡುಕ್ತಾರೆ, ಆದ್ರೆ ಆನೆ ನೋಡಲ್ಲ" ಎಂದು ಇಂಚರ ತಮಾಷೆ ಮಾಡುತ್ತಾಳೆ. ಅವಳ ಆಫೀಸಿನ ಗೋಡೆಯಲ್ಲಿ ಹಳೆಯ ಸರ್ಕಸ್ ಪೋಸ್ಟರೊಂದಿದೆ. ಒಬ್ಬ ಹುಡುಗಿ ನೆಲದ ಮೇಲೆ ಮಲಗಿದ್ದಾಳೆ, ಮೇನಕೆ ಮುಂಗಾಲನ್ನು ಅವಳ ಎದೆಯ ಮೇಲಿಟ್ಟಿದ್ದಾಳೆ. ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಹನ್ನೊಂದರ ಲಾರಿ ಹನ್ನೆರಡೂಕಾಲಿಗೆ ಬಂತು. ಜೊತೆಗೆ, ಸಾಗಿಸುವ ಮುನ್ನ ಆನೆಯನ್ನು ಪರಿಶೀಲಿಸುವ ಅಧಿಕಾರಿ ಶಾಂತವೀರಪ್ಪ. ಒಳ್ಳೆಯವರು, ಆದರೆ ಆಮೆಯ ತಮ್ಮ. ಹಳೆಯ ಮಾಲೀಕತ್ವದ ದಾಖಲೆ ಕೈಯಲ್ಲಿ ಹಿಡಿದು ಒಂದೊಂದೇ ಸಾಲು ಓದಿ, ಆನೆಯನ್ನು ನೋಡಿ, ಟಿಕ್ ಹಾಕುತ್ತಿದ್ದರು. ಎತ್ತರ, ಸರಿ. ಬಾಲ, ಸರಿ. ಕಿವಿಯ ಹರಕು, ಸರಿ. ನಾನು ಗೇಟಿನ ಹತ್ತಿರ ಶತಪಥ ಹಾಕುತ್ತಿದ್ದೆ. ಆನೆ ಅಲ್ಲಿ ತೂಗುತ್ತಿತ್ತು, ನಾನು ಇಲ್ಲಿ ತೂಗುತ್ತಿದ್ದೆ.

"ಉಗುರು, ಹದಿನೆಂಟು" ಎಂದು ಶಾಂತವೀರಪ್ಪ ಓದಿದರು. ಬಗ್ಗಿ ಎಣಿಸಿದರು. ಮತ್ತೆ ಎಣಿಸಿದರು. ಎದ್ದು ಪೆನ್ನಿನ ಮುಚ್ಚಳ ಹಾಕಿದರು.

"ಹದಿನೇಳಿದೆಯಲ್ರೀ. ಎಡ ಮುಂಗಾಲಲ್ಲಿ ನಾಲ್ಕೇ ಇದೆ. ಇದು ಈ ಕಾಗದದ ಆನೆ ಅಲ್ಲ."

ಮುನಿವೆಂಕಟಮ್ಮ ರಾಗಿ ಮುದ್ದೆಯ ತಪ್ಪಲೆ ಹಿಡಿದುಕೊಂಡು ಬಂದವರು ಅಲ್ಲೇ ನಿಂತರು. "ಏನ್ ಸಾಮಿ ಇದು, ಉಗುರು ಎಣಿಸ್ಕೊಂಡು ಕುಂತವ್ರೆ? ಹೆಣ್ಣು ನೋಡಾಕ್ ಬಂದವ್ರಾ, ಆನೆ ಕರ್ಕೊಂಡೋಗಾಕ್ ಬಂದವ್ರಾ?"

"ಅಮ್ಮಾ, ಬೇರೆ ಆನೆ ಕಾಗದದಲ್ಲಿ ಇನ್ನೊಂದು ಆನೆ ಸಾಗಿಸಿದ್ರೆ ನನ್ನ ಕೆಲಸ ಹೋಗುತ್ತೆ" ಎಂದರು ಶಾಂತವೀರಪ್ಪ. "ನೋಡಿ, ಇಲ್ಲಿ ಸಹಿ ಇದೆ. 'ಖುದ್ದು ಪರಿಶೀಲಿಸಿ ಎಣಿಸಿದ್ದೇನೆ' ಅಂತ ಬರೆದಿದ್ದಾರೆ."

ಇಂಚರ ಕಾಗದ ಕಿತ್ತುಕೊಂಡಳು. ಸಿಟ್ಟು ಬಂದರೆ ಅವಳು ಥೇಟ್ ನಾನೇ. "ಯಾವನೋ ಸೋಂಬೇರಿ ನೋಡ್ದೇನೇ ಬರ್ದು ಹಾಕಿದಾನೆ ಸಾರ್! ಇಂಥವ್ರಿಂದಾನೇ ಅಲ್ವಾ ದೊಡ್ಡಮ್ಮ ಎಲ್ಲಾ ಹಾಳಾಗಿರೋದು?"

ಆ ಮಾತು ನನ್ನದೇ. ಮೂರು ವರ್ಷದಿಂದ ಅವಳ ಕಿವಿಯಲ್ಲಿ ಅದನ್ನೇ ಊದಿದ್ದೇನೆ. ಕಾಗದದ ಮೇಲಿನ ಆ ಪುಟ್ಟ ಸಹಿಯೂ ನನ್ನದೇ. ಬರೀ ಎರಡಕ್ಷರದ ಗೀಟು, ಯಾರಿಗೂ ಗೊತ್ತಾಗುವಂಥದ್ದಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಸರ್ಕಸ್ಸು ಊರಿಗೆ ಬಂದಿತ್ತು. ಸಾಹೇಬರು ರಜೆ ಹಾಕಿದ್ದರು. "ಕಾತ್ಯಾಯಿನಿ ಮೇಡಂ ಹೋಗಿ ನೋಡ್ಕೊಂಡು ಬರೀಲಿ, ಅವರು ಬರೆದ್ರೆ ದೇವರು ಬಂದ್ರೂ ತಿದ್ದೋ ಹಾಗಿಲ್ಲ" ಎಂದು ಕಳಿಸಿದರು. ಹೋದೆ. ಡೇರೆಯ ಹಿಂದಿನ ಗೇಟಿನವರೆಗೆ ಹೋದೆ. ಒಳಗಿಂದ ಒಂದು ಘೀಳು ಕೇಳಿತು ನೋಡಿ, ಎದುರಿನ ಹೋಟೆಲಿನಲ್ಲಿ ಬಂದು ಕೂತಿದ್ದೆ. ಒಂದು ಮಸಾಲೆ ದೋಸೆ, ಒಂದು ಕಾಫಿ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಆನೆಗೆ ಹದಿನೆಂಟು ಉಗುರು ಎಂದು ಪುಸ್ತಕದಲ್ಲಿ ಓದಿದ್ದೆ. ಉಳಿದದ್ದನ್ನೆಲ್ಲ ಸರ್ಕಸ್ಸಿನ ಮ್ಯಾನೇಜರ್ ಕೊಟ್ಟ ಚೀಟಿಯಿಂದ ಇಳಿಸಿಕೊಂಡು, ಮೂರಕ್ಕೂ ಹದಿನೆಂಟು ಬರೆದು, ಖುದ್ದು ಎಣಿಸಿದ್ದೇನೆ ಎಂದು ಸಹಿ ಹಾಕಿದೆ.

ಅಷ್ಟರಲ್ಲಿ ಕಿಟ್ಟಿ ಮುಂದೆ ಬಂದ. ಅರವತ್ತೈದರ ಮುದುಕ, ಕಣ್ಣಲ್ಲಿ ನೀರು. "ಸಾರ್, ಇವ್ಳಿಗೆ ಹುಟ್ಟಿದಾಗ್ಲಿಂದ ಹದಿನೇಳೇ. ಬೆಸ ಉಗುರಿನ ಆನೆ ಅಪಶಕುನ ಅಂತ ಮ್ಯಾನೇಜರು ಬೈಯೋರು. ಅದ್ಕೆ ನಾನೇ ಬಿಳೀ ಪೇಂಟಲ್ಲಿ ಒಂದು ಉಗುರು ಬರೀತಿದ್ದೆ, ಆ ಅಭ್ಯಾಸ ಈಗ್ಲೂ ಬಿಟ್ಟಿಲ್ಲ. ಇವತ್ತು ಪ್ರಯಾಣ ಅಂತ ತಿಕ್ಕಿ ಸ್ನಾನ ಮಾಡಿಸ್ದೆ, ಹೊರಟೋಯ್ತು."

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಪೇಂಟು! ಪೇಂಟಿನ ಉಗುರನ್ನು ಯಾರಾದರೂ ಎಣಿಸಿರಬಹುದಲ್ಲ! ಮೋಸ ಹೋದವಳು ನಾನು, ತಪ್ಪು ನನ್ನದಲ್ಲ. ಬಾಯಿ ತೆರೆದೇಬಿಟ್ಟಿದ್ದೆ.

"ಹಾಗಾದ್ರೆ ಇದು ವಂಚನೆ ಕೇಸಾಯ್ತು" ಎಂದರು ಶಾಂತವೀರಪ್ಪ. "ಬಣ್ಣ ಹಚ್ಚಿ ಸರ್ಕಾರಿ ಅಧಿಕಾರಿಗೆ ಮೋಸ ಮಾಡಿದ್ದಾರೆ. ದೂರು ದಾಖಲಿಸ್ಬೇಕು. ಕೇಸು ಮುಗಿಯೋವರೆಗೂ ಆನೆ ಸಾಕ್ಷಿ, ಇಲ್ಲಿಂದ ಅಲುಗಾಡೋ ಹಾಗಿಲ್ಲ. ಬರೆದವರದ್ದೇ ತಪ್ಪಾಗಿದ್ರೆ ಬೇರೆ ಮಾತು. ಅವರೇ ಬಂದು ತಪ್ಪೊಪ್ಪಿಕೊಂಡು, ಸಾಕ್ಷಿ ಎದುರು ಮತ್ತೆ ಎಣಿಸಿ ಬರೆದು ಕೊಟ್ರೆ, ಮೇಲಿನವರಿಗೆ ಫೋನ್ ಮಾಡಿ ಬಿಡಿಸಬಹುದಿತ್ತು. ಅವರು ಬದುಕಿದಾರೋ ಸತ್ತಿದಾರೋ!"

ಕಿಟ್ಟಿ ಆನೆಯ ಕಾಲು ಹಿಡಿದುಕೊಂಡು ಅಲ್ಲೇ ಕುಸಿದ. ಇಂಚರ ಯಾರ್‍ಯಾರಿಗೋ ಫೋನ್ ಮಾಡತೊಡಗಿದಳು. ಶನಿವಾರ ಮಧ್ಯಾಹ್ನ ಯಾರು ಎತ್ತುತ್ತಾರೆ? ನಾನು ಗೇಟಿನಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಗೇಟಿಗೆ. ಎರಡು ಗಂಟೆಯಾಯಿತು, ಎರಡೂವರೆಯಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಆನೆಯ ಒಂದು ಉಗುರಿಗೆ ಹೋಗುವುದರಲ್ಲಿತ್ತು. ಹೇಳಿದರೆ ಇಂಚರ ಏನಂದುಕೊಳ್ಳುತ್ತಾಳೆ? ಹಳೆಯ ಕಚೇರಿಯಲ್ಲಿ ಸೋಮವಾರ ಕಾಫಿ ಹೊತ್ತಿಗೆ ಬಾಯಿಂದ ಬಾಯಿಗೆ ಹೋಗಿರುತ್ತದೆ. ಹೇಳದಿದ್ದರೆ? ಆ ಮುದುಕ ಜೈಲಿಗೆ, ಮೇನಕೆ ಸಿಮೆಂಟಿಗೆ. ಥೂ, ನನ್ನ ಜನ್ಮಕ್ಕಿಷ್ಟು!

"ಬದುಕಿದಾಳೆ" ಎಂದೆ.

ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. "ಬದುಕಿದಾಳೆ ಸಾರ್. ನಾನೇ. ಆ ಸಹಿ ನಂದು. ಪೇಂಟಿಂದ ಯಾರೂ ಮೋಸ ಹೋಗಿಲ್ಲ. ನಾನು ಆನೆನೇ ನೋಡಿರ್ಲಿಲ್ಲ. ಹೆದರ್ಕೊಂಡು ಹೋಟ್ಲಲ್ಲಿ ಕೂತು ಬರೆದೆ."

ಇಂಚರಳ ಕೈಯಲ್ಲಿ ಫೋನು ಹಲೋ ಹಲೋ ಎನ್ನುತ್ತಿತ್ತು. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಹೇಳಲಾರೆ. ಶಾಂತವೀರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಬನ್ನಿ ಮೇಡಂ, ಎಣಿಸಿ" ಎಂದರು, ಬಹಳ ಮೆತ್ತಗೆ.

ಗೇಟಿನಿಂದ ಆನೆಗೆ ಮೂವತ್ತು ಹೆಜ್ಜೆ. ಹೇಗೆ ನಡೆದೆನೋ ಆ ಭಗವಂತನಿಗೇ ಗೊತ್ತು. ಸ್ನಾನದ ನೀರು ನಿಂತು ಸಿಮೆಂಟಿನಂಚಿನ ಮಣ್ಣು ಕೆಸರಾಗಿತ್ತು. ಎಡ ಮುಂಗಾಲು ಆ ಕೆಸರಲ್ಲಿ ಹೂತಿತ್ತು. ಹತ್ತಿರದಿಂದ ನೋಡಲೆಂದು ನಾನು ಸೀರೆ ಎತ್ತಿ ಕಟ್ಟಿ ಕೂತೆ, ಕೆಸರಲ್ಲಿ ಹಿಂದಕ್ಕೆ ಜಾರಿ ಕಾಲು ಚಾಚಿ ಬಿದ್ದೆ.

ಮೇನಕೆ ತೂಗುವುದನ್ನು ನಿಲ್ಲಿಸಿದಳು. ಅವಳ ಎಡಗಾಲು ಮೇಲೆದ್ದಿತು.

"ಅಲುಗಾಡ್ಬೇಡಿ ಅಮ್ಮಾ!" ಕಿಟ್ಟಿ ಕೂಗಿದ. "ಮುಂದೆ ಯಾರಾದ್ರೂ ಬಿದ್ದಿದ್ರೆ ಅವ್ಳಿಗೆ ಆಟ ಶುರುವಾಯ್ತು ಅಂತ. ಏನೂ ಮಾಡಲ್ಲ, ಅಲುಗಾಡ್ಬೇಡಿ!"

ಅಲುಗಾಡುವುದಕ್ಕೆ ನನ್ನಲ್ಲಿ ಏನಾದರೂ ಉಳಿದಿದ್ದರೆ ತಾನೆ! ಕಾಲು ಬಂತು, ನನ್ನ ತೊಡೆಯ ಮೇಲೆ ನಿಂತಿತು. ಅದರ ಭಾರ ಒಂದು ದಿಂಬಿನಷ್ಟು. ಮಿಕ್ಕ ಭಾರವನ್ನೆಲ್ಲ ಅವಳು ಆ ಹುಣ್ಣಾದ ಮೂರು ಕಾಲುಗಳ ಮೇಲೆ ಹೊತ್ತಿದ್ದಳು, ನನಗೆ ನೋವಾಗಬಾರದೆಂದು. ಒಂಬತ್ತು ವರ್ಷದಿಂದ ಆಟವಿಲ್ಲ, ಚಪ್ಪಾಳೆಯಿಲ್ಲ. ಆದರೂ ಅವಳು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಳು. ನನಗೆ ಅಳು ಬಂತು. ಎಲ್ಲರೆದುರು, ಕೆಸರಲ್ಲಿ ಕೂತು, ಗೊಳೋ ಎಂದು ಅತ್ತೆ. ಅಳುತ್ತಲೇ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಜಾಗದಲ್ಲಿ ಬೆರಳಾಡಿಸಿದೆ, ಬರೀ ಚರ್ಮ.

ಕಿಟ್ಟಿ "ಸಾಕು ಮಗಳೇ" ಎಂದ ಮೇಲೆ ಕಾಲು ಇಳಿಸಿದಳು. ಉಳಿದ ಮೂರು ಕಾಲಿನ ಸುತ್ತಲೂ ನಾನೇ ನಡೆದು ಎಣಿಸಿದೆ. ಐದು, ನಾಲ್ಕು, ನಾಲ್ಕು. ಮುನಿವೆಂಕಟಮ್ಮ ತಮ್ಮ ಸೆರಗಿನಲ್ಲೇ ನನ್ನ ಮುಖ ಒರೆಸಿ, ಸಾಕ್ಷಿಯೆಂದು ಹೆಬ್ಬೆಟ್ಟು ಒತ್ತಿದರು. ಶಾಂತವೀರಪ್ಪ ಮೇಲಿನವರಿಗೆ ನಾಲ್ಕು ಸಲ ಫೋನ್ ಮಾಡಿದರು, ಮೂರು ಸಲ ಬೈಸಿಕೊಂಡರು. ನಾಲ್ಕೂಮುಕ್ಕಾಲಿಗೆ ಮೇನಕೆ ಲಾರಿ ಹತ್ತಿದಳು, ಜೊತೆಗೆ ಕಿಟ್ಟಿ. ಐದಕ್ಕೆ ಏಳು ನಿಮಿಷವಿರುವಾಗ ಲಾರಿ ಗೇಟು ದಾಟಿತು.

ಲಾರಿ ಮೇನ್ ರೋಡಿಗೆ ತಿರುಗಿದ ಮೇಲೆ ಇಂಚರ ಪಕ್ಕಕ್ಕೆ ಬಂದು ನಿಂತಳು.

"ದೊಡ್ಡಮ್ಮ, ನೀವು ಒಟ್ಟು ಎಷ್ಟು ಆನೆಗೆ ಬರೆದಿದ್ದೀರ?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಮೂವತ್ತೊಂದು" ಎಂದೆ.

"ಅದ್ರಲ್ಲಿ ಎಷ್ಟನ್ನ ನೋಡಿದ್ದೀರ?"

ಸೀರೆಗಂಟಿದ ಕೆಸರು ಒಣಗತೊಡಗಿತ್ತು.

"ಒಂದು" ಎಂದೆ. "ಇವತ್ತು."