ಚಿನ್ನದ ಮೇಲೊಂದು ಚುಕ್ಕಿ

ಶನಿವಾರ ಬೆಂಗಳೂರಿನ ವ್ಯಾನು ಬಂದು ಲೇಸರನ್ನು ವಾಪಸು ಒಯ್ಯಲಿತ್ತು. ಅಷ್ಟರೊಳಗೆ ಚಿನ್ನದ ಮೇಲೆ ಒಂದೇ ಒಂದು ಚುಕ್ಕಿ ಮೂಡದಿದ್ದರೆ ಕೊಟ್ಟೂರೇಶನ ಐದು ವರ್ಷದ ಪಿಎಚ್.ಡಿ.ಗೆ ಕೊನೆಯ ಅಧ್ಯಾಯವೇ ಇರುತ್ತಿರಲಿಲ್ಲ. ದಾವಣಗೆರೆಯ ಕಾಲೇಜೊಂದರ ಭೌತಶಾಸ್ತ್ರದ ಮೇಷ್ಟರಿಗೆ ಅಂಥ ಲೇಸರನ್ನು ಎರಡನೇ ಸಲ ಎರವಲು ಕೊಡುವಷ್ಟು ಉದಾರಿಗಳು ೧೯೯೮ರಲ್ಲಿ ಬೆಂಗಳೂರಿನಲ್ಲಿ ಇರಲಿಲ್ಲ.

ಚುಕ್ಕಿ ಮೂಡಿಸುವ ಯಂತ್ರ ಅವನೇ ಕಟ್ಟಿದ್ದು. ಅದುರದಿರಲೆಂದು ಸ್ಕೂಟರಿನ ಟ್ಯೂಬಿಗೆ ಗಾಳಿ ತುಂಬಿ, ಅದರ ಮೇಲೆ ಕಡಪ ಕಲ್ಲು ಹೊರಿಸಿ, ಕಲ್ಲಿನ ಮೇಲೆ ಯಂತ್ರ ಕೂರಿಸಿದ್ದ. ಪ್ಲಾಟಿನಂ ಸೂಜಿಯೊಂದು ಚಿನ್ನದ ಪದರಕ್ಕೆ ತಾಗದೆ, ಕೆಲವೇ ಪರಮಾಣುಗಳಷ್ಟು ಮೇಲೆ, ಸಾಲು ಸಾಲಾಗಿ ಸುಳಿಯುತ್ತದೆ. ಕೆಳಗಿನ ಉಬ್ಬುತಗ್ಗು ಕಂಪ್ಯೂಟರಿನ ಪರದೆಯಲ್ಲಿ ಕಾಣುತ್ತದೆ. ಸೂಜಿಯನ್ನು ಒಂದೆಡೆ ನಿಲ್ಲಿಸಿ ಪಕ್ಕದಿಂದ ಹಸಿರು ಲೇಸರಿನ ಒಂದು ಮಿಡಿತ ಬಿಟ್ಟರೆ, ಬೆಳಕು ತುದಿಯಲ್ಲಿ ಒತ್ತಾಗಿ ಸೇರಿ ಕೆಳಗಿನ ಚಿನ್ನದಲ್ಲಿ ಗುರುತು ಮೂಡಬೇಕು. ಪುಸ್ತಕಗಳಲ್ಲಿ ಮೂಡುತ್ತಿತ್ತು. ದಾವಣಗೆರೆಯಲ್ಲಿ ಹದಿನೈದು ದಿನದಿಂದ ಪರದೆಯ ಮೇಲೆ ಬರೀ ಮಂಜು. ವಿಭಾಗದ ಮುಖ್ಯಸ್ಥ ಶಿವಮೂರ್ತಪ್ಪನವರು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, ಮದುವೆಮನೆಯ ಯಜಮಾನರಂತೆ, ಚಿನ್ನದ ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಿ ಹೋಗುತ್ತಿದ್ದರು.

ಸೂಜಿ ಮಾಡಿಕೊಡುತ್ತಿದ್ದವರು ಹರಿಹರದ ರೈಲ್ವೆ ಸ್ಟೇಷನ್ನಿನ ಹತ್ತಿರ ವಾಚು ರಿಪೇರಿ ಮಾಡುವ ಜಮಾಲ್ ಸಾಬ್. ದಾರದಷ್ಟು ತೆಳ್ಳನೆಯ ತಂತಿಯನ್ನು ಓರೆಯಾಗಿ ಕತ್ತರಿಸಲು ಅಂಥ ಕೈ ಸುತ್ತಮುತ್ತ ಇನ್ನೊಂದಿರಲಿಲ್ಲ. ಗುರುವಾರ ಅವರೇ ಆರು ಹೊಸ ಸೂಜಿ ಹಿಡಿದು ಬಸ್ಸಿನಲ್ಲಿ ದಾವಣಗೆರೆಗೆ ಬಂದರು. ತಮ್ಮ ಸೂಜಿ ಏನು ಮಾಡುತ್ತದೆಂದು ನೋಡುವ ಆಸೆಯೂ ಇತ್ತು. ನೋಡಿದ್ದು ಮಂಜನ್ನೇ.

ತುದಿಯಲ್ಲಿ ಒಂದೇ ಒಂದು ಪರಮಾಣು ಉಳಿದವಕ್ಕಿಂತ ಮುಂದೆ ಚಾಚಿರಬೇಕು, ಎಲ್ಲ ಅದರ ಮೇಲೆ ನಿಂತಿದೆ ಎಂದು ಕೊಟ್ಟೂರೇಶ ಸೋತ ದನಿಯಲ್ಲಿ ವಿವರಿಸಿದ. ಸಾಬರು ತಾವು ತಂದ ಸೂಜಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಕತ್ತರಿಸಿದ ಮ್ಯಾಲೆ ತುದಿ ಮುಳ್ಳುಮುಳ್ಳಾಗಿರ್ತೈತಲ್ರಿ ಸರ," ಎಂದರು. "ಅದನ್ನ ನಾನು ಎಣ್ಣೆಕಲ್ಲಿಗೆ ಉಜ್ಜಿ, ಗುಂಡಗೆ ಮಾಡಿ, ಪಾಲಿಶ್ ಕೊಟ್ಟು ಕಳಸ್ತಿದ್ದೆ."

"ಎಲ್ಲದಕ್ಕೂನಾ?"

"ಒಂದೂ ಬಿಟ್ಟಿಲ್ಲ. ವಾಚಿನ ಚಕ್ರದ ಅಚ್ಚು ಚೂಪಿದ್ರೆ, ಅದು ಕೂಡ್ರೋ ಹರಳು ಸವೀತೈತೆ ಅಂತ ನಲವತ್ತು ವರ್ಷ ಗುಂಡಗೆ ಮಾಡಿದ ಕೈ ಇದು. ನಿಮಗೆ ಒರಟು ಮಾಲು ಹೆಂಗೆ ಕೊಡ್ಲಿ?"

ಕೊಟ್ಟೂರೇಶ ಹದಿನೈದು ದಿನ ಲೇಸರನ್ನು, ಕರೆಂಟನ್ನು, ರಸ್ತೆಯ ಲಾರಿಗಳನ್ನು ಬೈದಿದ್ದ. ಒಳ್ಳೆಯ ಕಸುಬುಗಾರಿಕೆಯನ್ನು ಬೈಯುವುದು ಹೊಳೆದಿರಲಿಲ್ಲ. ಉಳಿದಿದ್ದ ಗೇಣುದ್ದ ತಂತಿ ತಂದು ಕೊಟ್ಟು, "ಇಲ್ಲೇ ಕತ್ತರಿಸ್ರಿ ಸಾಬ್ರೆ. ಆಮೇಲೆ ಏನೂ ಮಾಡಬ್ಯಾಡ್ರಿ," ಎಂದ.

ಸಾಬರು ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದು ಕತ್ತರಿ ಆಡಿಸಿದರು. ತುದಿ ಹರಿದ ಹಾಗೆ ಕಡಿದು ಬಂತು. ಕೈ ತಾನಾಗಿ ಎಣ್ಣೆಕಲ್ಲಿಗೆ ತಡಕಾಡಿತು. ಇನ್ನೊಂದು ಕೈಯಿಂದ ಅದನ್ನು ತಡೆದು, ಈ ಕೆಲಸದ ಸುದ್ದಿ ಹರಿಹರಕ್ಕೆ ಮುಟ್ಟಿಸಬಾರದೆಂದು ಕೇಳಿಕೊಂಡರು.

ಈ ಸಲ ಪರದೆಯಲ್ಲಿ ಮಂಜಿರಲಿಲ್ಲ. ಚಿನ್ನ ಹೊಳೆಯ ಘಟ್ಟದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಒಂದೊಂದು ಮೆಟ್ಟಿಲೂ ಒಂದು ಪರಮಾಣುವಿನೆತ್ತರ. ಕೊಟ್ಟೂರೇಶ ಸೂಜಿಯನ್ನು ನಡುವೆ ನಿಲ್ಲಿಸಿ ಗುಂಡಿ ಒತ್ತಿದ. ಹಸಿರು ಮಿಂಚಿತು. ಸೂಜಿ ಮತ್ತೆ ಮೊದಲಿನಿಂದ ಸುಳಿಯತೊಡಗಿತು. ಪರದೆ ಅರ್ಧ ತುಂಬಿದಾಗ, ತುಸು ಮುಂಚೆ ಬರಿದಾಗಿದ್ದ ಮೆಟ್ಟಿಲ ಮೇಲೆ ದುಂಡನೆಯ ದಿಬ್ಬವೊಂದು ಕೂತಿತ್ತು.

ಒಂದು ಕೂದಲಿನ ಅಗಲಕ್ಕೆ ಇಂಥ ಚುಕ್ಕಿ ಎಷ್ಟು ಹಿಡಿಯುತ್ತವೆ ಎಂದು ಸಾಬರು ಕೇಳಿದರು. ಎರಡು ಸಾವಿರ ಎಂಬ ಉತ್ತರ ಬಂತು. ಅವರು ತಮ್ಮ ಗಡ್ಡದ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು, ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದರು. ವಿಚಾರಿಸಲು ಬಂದ ಶಿವಮೂರ್ತಪ್ಪನವರು ಪರದೆ ಕಂಡು, ಚಪ್ಪಲಿ ಹೊರಗೆ ಬಿಟ್ಟು ಮೆಲ್ಲಗೆ ಒಳಗೆ ಬಂದರು.

"ಇನ್ನೊಂದು ಹಾಕ್ರಿ ಸರ," ಎಂದರು ಸಾಬರು. "ಅದರ ಮಗ್ಗಲಿಗೆ."

ಸೂಜಿ ಸರಿಯಿತು. ಹಸಿರು ಮಿಂಚಿತು. ಯಾರೂ ಹೇಳದಿದ್ದರೂ ಮೂವರೂ ಉಸಿರು ಬಿಗಿಹಿಡಿದರು. ಪರದೆ ತುಂಬಲು ಐದು ನಿಮಿಷ ಬೇಕಾದ್ದರಿಂದ ನಡುನಡುವೆ ಒಬ್ಬರಿಗೊಬ್ಬರು ಗೊತ್ತಾಗದಂತೆ ಉಸಿರಾಡಿಕೊಂಡರು. ಎರಡನೆಯ ದಿಬ್ಬ ಮೊದಲನೆಯದರ ಮಗ್ಗುಲಲ್ಲೇ ಎದ್ದಿತು.

"ಇಟ್ಟ ಜಾಗದಾಗೇ ಐತಲ್ರಿ," ಎಂದರು ಸಾಬರು, ಪಿಸುದನಿಯಲ್ಲಿ.