ನಡುಗಿದ ಪಂಪಿನ ಮಾತು

ನಾನು ಒಂದು ನೀರೆತ್ತುವ ಪಂಪು. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಅಲ್ಲಿಂದ ಲಾರಿಯೇರಿ ಕೃಷ್ಣಾ ದಂಡೆಗೆ ಬಂದೆ. ಸುತ್ತಲಿನ ಹಳ್ಳಿಗಳಿಗೆಲ್ಲ ಕುಡಿಯುವ ನೀರು ಕೊಡುವ ದೊಡ್ಡ ಯೋಜನೆ ಅದು. ಅದರ ಮುಖ್ಯಸ್ಥ ಹಂಚಿನಾಳ ಸಾಹೇಬರು ನನ್ನ ಮುಂದೆ ಫೋಟೊ ತೆಗೆಸಿಕೊಂಡರು. ನನ್ನ ಬುಡ ನೋಡಲಿಲ್ಲ.

ಪರೀಕ್ಷೆಗೆಂದು ಓಡಿಸಿದಾಗ ನನ್ನ ಮೈಯೆಲ್ಲ ನಡುಗಿತು. ಕಿರಿಯ ಎಂಜಿನಿಯರ್ ಜುಬೇದಾ ನದಾಫ ನನ್ನ ಮೇಲೆ ಕೈಯಿಟ್ಟು ನೋಡಿದರು.

“ಸರ್, ಬುಡದ ಕಾಂಕ್ರೀಟ್ ಬಿರುಕು ಬಿಟ್ಟೈತ್ರಿ. ಬಂದ್ ಮಾಡಸ್ರಿ.”

“ನಾಳೆ ಮಂತ್ರಿಗಳು ಬರ್ತಾರ. ಅಪಶಕುನ ನುಡೀಬ್ಯಾಡ್ರಿ,” ಎಂದರು ಸಾಹೇಬರು.

ಕಟ್ಟಡದವರು ವಿದ್ಯುತ್ತಿನವರತ್ತ ಬೆರಳು ತೋರಿಸಿದರು, ವಿದ್ಯುತ್ತಿನವರು ಗುತ್ತಿಗೆದಾರನತ್ತ. ಗುತ್ತಿಗೆದಾರ ಹೂಮಾಲೆ ತರಲು ಹೋಗಿದ್ದ. ಬಿರುಕು ಕಂಡವರು ಬಹಳ ಮಂದಿ. ಬಾಯಿ ಬಿಟ್ಟವರು ಜುಬೇದಾ ಒಬ್ಬರೇ.

ಮರುದಿನ ಮಂತ್ರಿಗಳು ಗುಂಡಿ ಒತ್ತಿದರು. ಚಪ್ಪಾಳೆ ಮುಗಿಯುವ ಮೊದಲೇ ಬುಡ ಕುಸಿದು, ನನ್ನ ಶಾಫ್ಟ್ ಮುರಿದು ಹಾರಿತು. ಪಕ್ಕದಲ್ಲಿದ್ದ ಫಿಟ್ಟರ್ ಮಲ್ಲೇಶಿಯ ಮೊಣಕಾಲು ಪುಡಿಯಾಯಿತು. ಹಳ್ಳಿಗಳಲ್ಲಿ ಹೆಂಗಸರು ಒಣ ನಲ್ಲಿಯ ಮುಂದೆ ಕೊಡ ಹಿಡಿದು ನಿಂತೇ ಇದ್ದರು. ವಿಚಾರಣೆಗೆ ಬಂದವರು ಚಹಾ ಕುಡಿದು, ತಪ್ಪೆಲ್ಲ ಪಂಪಿನದು ಎಂದರು. ಸಾಹೇಬರಿಗೆ ಬಡ್ತಿ, ಜುಬೇದಾ ಅವರಿಗೆ ವರ್ಗಾವಣೆ. ತನ್ನ ಬೆನ್ನು ಕಾಯ್ದುಕೊಳ್ಳುವುದರಲ್ಲಿ ಮಾತ್ರ ಆ ಇಲಾಖೆ ಎಂದೂ ಕೈಕೊಟ್ಟಿದ್ದಿಲ್ಲ.

ಜುಬೇದಾ ಮೇಡಂ ನನ್ನನ್ನು ಗುಜರಿಗೆ ಬಿಡಲಿಲ್ಲ. ರಿಪೇರಿ ಮಾಡಿಸಿ ತಮ್ಮ ಹೊಸ ಊರಿನ ನೀರಿನ ಯೋಜನೆಗೆ ಒಯ್ದರು. ಬುಡ ಹಾಕುವಾಗ ಎದ್ದು ಹೋಗದೆ ಅಲ್ಲೇ ಕುಳಿತರು. ಒಂದು ದಿನ ಆಪರೇಟರ್ ಗವಿಸಿದ್ದ, ಸದ್ದು ಬದಲಾಯಿತೆಂದು ಹೆದರಿ ನನ್ನನ್ನು ನಿಲ್ಲಿಸಿಬಿಟ್ಟ. ಬಿಚ್ಚಿ ನೋಡಿದರೆ ಏನೂ ಇಲ್ಲ. ಊರಿಗೆಲ್ಲ ನೀರು ತಪ್ಪಿತು.

“ತಪ್ಪಾತ್ರಿ ಮೇಡಂ,” ಎಂದು ಅವನು ತಲೆ ತಗ್ಗಿಸಿದ.

“ತಪ್ಪಲ್ಲೋ. ಅನುಮಾನ ಬಂದ್ರ ಹಿಂಗ ನಿಲ್ಲಸಬೇಕು. ಊರವರ ಬೈಗುಳ ನಾ ತಿಂತೀನಿ.”

ಅಂದಿನಿಂದ ಅಲ್ಲಿ ಯಾರೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಎಷ್ಟೋ ವರ್ಷ ಊರಿಗೆ ನೀರೂ ನಿಲ್ಲಲಿಲ್ಲ.

ಈಗ ನಾನು ಸವೆದು ಅದೇ ಪಂಪ್‌ಹೌಸಿನ ಮೂಲೆ ಸೇರಿದ್ದೇನೆ. ಮೇಡಂ ನಿವೃತ್ತರಾದರು. ಅಂಗಿಯ ಇಸ್ತ್ರಿ ಮುರಿಯದ ಹೊಸ ಸಾಹೇಬರು ಬಂದಿದ್ದಾರೆ. ನಿನ್ನೆ ಹೊಸ ಪಂಪು ಓಡುತ್ತಿರುವಾಗ ಗವಿಸಿದ್ದನ ಕಿವಿ ನಿಮಿರಿತು.

“ನಿಲ್ಲಸ್ತೀನ್ರಿ ಸಾಹೇಬ್ರ.”

“ನಾ ಹೇಳೂತನಕ ಮುಟ್ಟಬ್ಯಾಡ!”

ಗವಿಸಿದ್ದ ಪಂಪು ನಿಲ್ಲಿಸುವ ಗುಂಡಿ ಒತ್ತಿ, ಬೋಲ್ಟು ಬಿಚ್ಚಲು ಪಾನಾ ಹಿಡಿದು ಕುಳಿತ. ಬಿಚ್ಚಿದರೆ ಒಳಗೆ ಬೇರಿಂಗ್ ಸುಟ್ಟು ಕಪ್ಪಾಗಿತ್ತು. ಪಂಪು ನಿಂತರೂ ಸಾಹೇಬರ ಬಾಯಿ ಓಡುತ್ತಲೇ ಇತ್ತು. ಅದು ಎಷ್ಟು ಓಡಿದರೂ ಯಾರ ಮನೆಗೂ ನೀರು ಬರುವುದಿಲ್ಲ.